ಅರ್ಧ ಉಳಿದ ಇಂಜೆಕ್ಷನ್ ಇಡಬಹುದಾ? ಬಾಟಲಿ ನೋಡಿ ಹೇಳುತ್ತೇನೆ

ಕುಮಟಾ ಸುತ್ತಮುತ್ತ ಮನೆಗಳಿಗೆ ಹೋಗಿ, ಡಾಕ್ಟರ ಚೀಟಿ ಪ್ರಕಾರ ಇಂಜೆಕ್ಷನ್ ಕೊಡುವುದು, ಡ್ರೆಸ್ಸಿಂಗ್ ಮಾಡುವುದು ನನ್ನ ಕೆಲಸ. ಹೆಚ್ಚಿನ ಮನೆಗಳಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ತಂಗೀ, ಅರ್ಧ ಉಳೀತಲ್ಲ, ಫ್ರಿಜ್ಜಲ್ಲಿ ಇಡಲಾ?" ದುಡ್ಡು ಕೊಟ್ಟು ತಂದವರು ಕೇಳುವುದು ಸಹಜ, ಅಲ್ವಾ? ನಾನು ಮೊದಲು ನೋಡುವುದು ಔಷಧಿ ಯಾವುದರಲ್ಲಿ ಬಂದಿದೆ ಅಂತ.

ಆಂಪೂಲ್ ಆಗಿದ್ದರೆ ಮಾತೇ ಇಲ್ಲ, ಉಳಿದದ್ದು ಚೆಲ್ಲಬೇಕು. ಅದು ಸಾಮಾನ್ಯವಾಗಿ ಪೂರ್ತಿ ಗಾಜು. ಔಷಧಿ ತುಂಬಿ, ಬಾಯಿಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿರುತ್ತಾರೆ. ಒಮ್ಮೆ ಕತ್ತು ಮುರಿದರೆ ಮತ್ತೆ ಮುಚ್ಚಲು ದಾರಿಯಿಲ್ಲ. ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ 2 ಎಂಎಲ್ ಆಂಪೂಲ್‌ನಲ್ಲಿ ಮಗುವಿಗೆ ಸ್ವಲ್ಪವೇ ಬೇಕಾಗುತ್ತದೆ, ಆದರೂ ಉಳಿದದ್ದನ್ನು ಸಿರಿಂಜಿನಲ್ಲಿ ಎಳೆದು ಸಂಜೆಗೆ ಅಂತ ಇಡುವಂತಿಲ್ಲ.

ಮುರಿಯುವುದಕ್ಕೂ ಒಂದು ಕ್ರಮ ಇದೆ. ಮೊದಲು ತಲೆಭಾಗಕ್ಕೆ ಬೆರಳಿನಿಂದ ಮೆಲ್ಲಗೆ ತಟ್ಟಿ, ಮೇಲೆ ನಿಂತ ಔಷಧಿಯನ್ನು ಕೆಳಗಿಳಿಸುತ್ತೇನೆ. ಕತ್ತಿನ ಹತ್ತಿರ ಬಣ್ಣದ ಚುಕ್ಕೆ ಇದ್ದರೆ ಅದು ನನ್ನ ಕಡೆಗೆ ಬರುವಂತೆ ಹಿಡಿದು, ಹತ್ತಿ ಸುತ್ತಿ, ಹೆಬ್ಬೆರಳನ್ನು ಚುಕ್ಕೆಯ ಮೇಲಿಟ್ಟು ಆಚೆ ಕಡೆಗೆ ಬಾಗಿಸಿದರೆ ಟಕ್ ಅಂತ ಬರುತ್ತದೆ. ಚುಕ್ಕೆ ಇದ್ದ ಕಡೆಯೇ ಗಾಜಿಗೆ ಗೀರು ಹಾಕಿರುತ್ತಾರೆ, ಹಾಗಾಗಿ ಬೇರೆ ಕಡೆ ಒತ್ತಿದರೆ ಗಾಜು ಅಡ್ಡಾದಿಡ್ಡಿ ಒಡೆಯುತ್ತದೆ. ಕಣ್ಣಿಗೆ ಕಾಣದ ಗಾಜಿನ ಚೂರು ಒಳಗೆ ಬೀಳಬಹುದು. ಆ ಚೂರನ್ನು ಸೋಸುವ ಫಿಲ್ಟರ್ ನೀಡಲ್ ಇದ್ದರೆ ಅದೇ ಉತ್ತಮ, ಇಲ್ಲದಿದ್ದರೆ ಸಪೂರ ನೀಡಲ್‌ನಲ್ಲಿ ನಿಧಾನಕ್ಕೆ ಎಳೆದು, ಚುಚ್ಚುವ ಮೊದಲು ನೀಡಲ್ ಬದಲಿಸುತ್ತೇನೆ.

ವಯಲ್ ಬೇರೆ. ಗಾಜಿನ ಬಾಟಲಿ, ಮೇಲೆ ರಬ್ಬರ್ ಬಿರಡೆ, ಅದನ್ನು ಬಿಗಿದ ಅಲ್ಯೂಮಿನಿಯಂ, ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳ. ಮುಚ್ಚಳ ಈಗಷ್ಟೇ ತೆಗೆದದ್ದು, ರಬ್ಬರ್ ಸ್ವಚ್ಛವಾಗಿಯೇ ಇದೆ ಅಂತ ಸುಮ್ನೆ ಚುಚ್ಚಬಾರದು. ಆ ಮುಚ್ಚಳ ಧೂಳು ತಡೆಯಲಿಕ್ಕೆ ಮಾತ್ರ. ಸ್ಪಿರಿಟ್‌ನಲ್ಲಿ ಒರೆಸಿ, ಅದು ಒಣಗುವವರೆಗೆ ಕಾಯಬೇಕು. ಎಷ್ಟು ಔಷಧಿ ಬೇಕೋ ಅಷ್ಟೇ ಗಾಳಿಯನ್ನು ಮೊದಲು ಒಳಗೆ ಬಿಡಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಕಡಿಮೆಯಾಗಿ ಔಷಧಿ ಎಳೆಯಲು ಕಷ್ಟವಾಗುತ್ತದೆ.

ಆದರೆ ವಯಲ್ ಅಂದಕೂಡಲೇ ಇಟ್ಟುಕೊಳ್ಳಬಹುದು ಅಂತಲೂ ಅಲ್ಲ. ಹಲವು ಡೋಸ್‌ಗೆಂದೇ ಮಾಡಿದ ವಯಲ್‌ನಲ್ಲಿ ಸೂಕ್ಷ್ಮಾಣು ಬೆಳೆಯದಂತೆ ಪ್ರಿಸರ್ವೇಟಿವ್ ಹಾಕಿರುತ್ತಾರೆ. ಕಂಪನಿ ಬೇರೆ ಅವಧಿ ಹೇಳದಿದ್ದರೆ, ಮೊದಲ ಸಲ ಚುಚ್ಚಿದ ದಿನದಿಂದ 28 ದಿನ ಅದರ ಆಯುಷ್ಯ. ಪುಡಿ ರೂಪದ ಆಂಟಿಬಯೋಟಿಕ್ ವಯಲ್‌ಗೆ ಈ ಲೆಕ್ಕ ಇಲ್ಲ, ನೀರು ಹಾಕಿ ಕರಗಿಸಿದ ಮೇಲೆ ಅದರದ್ದು ಗಂಟೆಗಳ ಲೆಕ್ಕ. ಲೇಬಲ್‌ನಲ್ಲಿ ಒಂದೇ ಡೋಸ್ ಅಂತಿದ್ದರೆ ಅದನ್ನೂ ಆಂಪೂಲ್ ಥರವೇ ನೋಡುತ್ತೇನೆ.

ನನಗೆ ಜಾಸ್ತಿ ಚಿಂತೆ ಇರುವುದು ಇನ್ಸುಲಿನ್ ಬಗ್ಗೆ. ನಮ್ಮಲ್ಲಿ ಸಿಗುವ 10 ಎಂಎಲ್ ವಯಲ್ ಸಾಮಾನ್ಯವಾಗಿ ಎಂಎಲ್‌ಗೆ 40 ಯೂನಿಟ್‌ನದ್ದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿಗೆ ಹಾಕುವ 3 ಎಂಎಲ್ ಕಾರ್ಟ್ರಿಡ್ಜ್ ಎಂಎಲ್‌ಗೆ 100 ಯೂನಿಟ್. ಪೆನ್ ಕೆಟ್ಟಿತು ಅಂತ ಕಾರ್ಟ್ರಿಡ್ಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ, 20 ಯೂನಿಟ್ ಬೇಕು ಅಂತ 20ರ ಗೆರೆವರೆಗೆ ಎಳೆದರೆ ಬರುವುದು ಅರ್ಧ ಎಂಎಲ್, ಅಂದರೆ 50 ಯೂನಿಟ್! ಶುಗರ್ ಇಳಿದು ಪ್ರಾಣಕ್ಕೇ ಕುತ್ತು ಬರಬಹುದು. ಅದಕ್ಕೇ ಇನ್ಸುಲಿನ್ ಇರುವ ಮನೆಯಲ್ಲಿ ಬಾಟಲಿ, ಸಿರಿಂಜ್ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಡಿಸಿ, 40, 100 ಅಂತ ಅವರ ಬಾಯಲ್ಲೇ ಓದಿಸುತ್ತೇನೆ. ಕಣ್ಣು ಮಂಜಾದ ಅಜ್ಜಂದಿರಾದರೆ ಮನೆಯ ಸೊಸೆಗೋ ಮೊಮ್ಮಗನಿಗೋ ಕಲಿಸದೆ ಎದ್ದು ಬರುವುದಿಲ್ಲ.

ನೆಬ್ಯುಲೈಸರ್‌ಗೆ, ಅಂದರೆ ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ಯಂತ್ರಕ್ಕೆ, ಹಾಕುವ ಔಷಧಿಯ ಪುಟ್ಟ ಪ್ಲಾಸ್ಟಿಕ್ ಕೊಳವೆ ರೆಸ್ಪ್ಯೂಲ್ ಮತ್ತು ಇಂಜೆಕ್ಷನ್ ಕರಗಿಸುವ ನೀರಿನ ಪ್ಲಾಸ್ಟಿಕ್ ಆಂಪೂಲ್ ನೋಡಲಿಕ್ಕೆ ಅವಳಿ ಮಕ್ಕಳ ಹಾಗೆ. ಎರಡಕ್ಕೂ ತಿರುಚಿ ತೆಗೆಯುವ ತಲೆ. ಒಂದೇ ಡಬ್ಬದಲ್ಲಿ ಎರಡನ್ನೂ ಇಡಬೇಡಿ.

ನಮ್ಮ ಮಳೆಗಾಲದ ಥಂಡಿಗೆ ಲೇಬಲ್ ಎದ್ದು ಬರುತ್ತದೆ. ಹಾಗಾಗಿ ವಯಲ್ ತೆರೆದ ತಾರೀಖನ್ನು ಟೇಪಿನ ಮೇಲೆ ಬರೆದು ಬಾಟಲಿಯ ಮೈಗೇ ಅಂಟಿಸುತ್ತೇನೆ, ಔಷಧಿಯ ಹೆಸರು ಮುಚ್ಚಿಹೋಗದಂತೆ. ತದಡಿಯಿಂದ ದೋಣಿ ಹತ್ತಿ ಅಘನಾಶಿನಿ ಕಡೆ ಹೋಗುವಾಗ ಆಂಪೂಲ್‌ಗಳನ್ನು ಹತ್ತಿ ಹಾಸಿದ ಸ್ಟೀಲ್ ಡಬ್ಬದಲ್ಲಿ ಒಯ್ಯುತ್ತೇನೆ. ಮುರಿದ ಗಾಜು ಮತ್ತು ನೀಡಲ್‌ಗೆ ಗಟ್ಟಿ ಪ್ಲಾಸ್ಟಿಕ್ಕಿನ ಬೇರೆ ಬೇರೆ ಡಬ್ಬ ಇವೆ. ಅವನ್ನು ಯಾರ ಮನೆಯ ಹಿತ್ತಲಲ್ಲೂ ಬಿಡದೆ ವಾಪಸ್ ತಂದು, ಗಾಜನ್ನು ಆಸ್ಪತ್ರೆಯ ನೀಲಿ ಡಬ್ಬಕ್ಕೆ, ನೀಡಲನ್ನು ಬಿಳಿ ಡಬ್ಬಕ್ಕೆ ಹಾಕುತ್ತೇನೆ.