ವಿಯೆನ್ನಾಕ್ಕೆ ಹೊರಟವರಿಗೆ: ನಿಂತು ಕೇಳಿ, ಕೂತು ನೋಡಿ

ಮಗಳು ವಿಯೆನ್ನಾದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಐದು ಸಲ ಅಲ್ಲಿಗೆ ಹೋಗಿ ಬಂದಿದ್ದೇನೆ. ಮೈಸೂರಿನಿಂದ ಪರಿಚಯದವರು ಯಾರೇ ಆ ಕಡೆ ಹೊರಟರೂ ಫೋನ್ ಮಾಡಿ, "ಎರಡು ದಿನದಲ್ಲಿ ಏನೇನು ನೋಡಿ ಮುಗಿಸಬಹುದು?" ಅಂತ ಕೇಳುತ್ತಾರೆ. ಅರಮನೆಗಳ ಪಟ್ಟಿ ನಾನು ಕೊಡುವುದಿಲ್ಲ. ಒಂದೇ ಜಾಗದಲ್ಲಿ ಎರಡು ಗಂಟೆ ಸುಮ್ಮನೆ ಇರುತ್ತೀರಾ ಅಂತ ಕೇಳುತ್ತೇನೆ. ಇರುತ್ತೀರಾದರೆ ಕೇಳಿ.

ಮೊದಲು ಸ್ಟಾಟ್ಸ್‌ಓಪರ್, ಅಂದರೆ ಹಾಡಿನಲ್ಲೇ ನಾಟಕ ಆಡುವ ಒಪೆರಾದ ದೊಡ್ಡ ರಂಗಮಂದಿರ. ಅಲ್ಲಿ ನಿಂತು ನೋಡುವ ಟಿಕೆಟ್ಟುಗಳಿವೆ, 'ಶ್ಟೇಪ್ಲಾಟ್ಸ್' ಅನ್ನುತ್ತಾರೆ. ಪ್ರದರ್ಶನದ ದಿನವೇ ಮಾರುತ್ತಾರೆ. ಕೂರುವ ದುಬಾರಿ ಸೀಟಿನ ಬೆಲೆಯಲ್ಲಿ ಹತ್ತನೇ ಒಂದು ಪಾಲೂ ಆಗುವುದಿಲ್ಲ. ಕೇಳುವಾಗ 'ಪಾರ್ಟೆರ್' ಅಂತಲೇ ಕೇಳಿ. ಅದು ನೆಲಮಹಡಿಯಲ್ಲಿ, ವೇದಿಕೆಗೆ ನೇರ ಎದುರಿಗೆ, ಒಂದು ಕಾಲಕ್ಕೆ ಚಕ್ರವರ್ತಿ ಕೂರುತ್ತಿದ್ದ ಬಾಕ್ಸಿನ ಕೆಳಗೆ. ಒಳಗೆ ಹೋದ ತಕ್ಷಣ ಮುಂದಿರುವ ಕಂಬಿಗೆ ಸ್ಕಾರ್ಫ್ ಕಟ್ಟಿ. ನಮ್ಮ ಕಡೆ ಕಿಟಕಿಯಿಂದ ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ, ಕಟ್ಟಿದ ಜಾಗ ನಿಮ್ಮದೇ. ಆಮೇಲೆ ನೆಮ್ಮದಿಯಾಗಿ ಓಡಾಡಿಕೊಂಡು ಬನ್ನಿ, ಯಾರೂ ಬಿಚ್ಚುವುದಿಲ್ಲ. ನಾನು ನನ್ನ ಇಳಕಲ್ ಸೀರೆಯ ಮೇಲೆ ಹೊದೆಯುವ ಶಾಲನ್ನೇ ಕಟ್ಟುತ್ತೇನೆ. ಕಂಬಿಯ ಮೇಲೊಂದು ಪುಟ್ಟ ಪರದೆ ಇದೆ, ಹಾಡಿನ ಅರ್ಥ ಇಂಗ್ಲಿಷಿನಲ್ಲೂ ಬರುತ್ತದೆ. ಮೂರು ಗಂಟೆ ನಿಲ್ಲಬೇಕು, ಹಾಗಾಗಿ ಹಳೆಯ ಚಪ್ಪಲಿಯೋ ಶೂಸೋ ಹಾಕಿಕೊಂಡು ಹೋಗಿ. ಮೊದಲ ಸಲ ಹೊಸ ಶೂಸಿನಲ್ಲಿ ನಿಂತು ಎರಡು ದಿನ ಕಾಲು ಊದಿಸಿಕೊಂಡಿದ್ದೆ.

ವಿರಾಮದಲ್ಲಿ ಮುಂಭಾಗದ ದೊಡ್ಡ ಮೆಟ್ಟಿಲ ಹತ್ತಿರ ಹೋಗಿ ನಿಲ್ಲಿ. 1945ರ ಮಾರ್ಚಿನಲ್ಲಿ ಬಾಂಬ್ ಬಿದ್ದು ಸಭಾಂಗಣ ಸುಟ್ಟುಹೋಯಿತು, ಮತ್ತೆ ತೆರೆದದ್ದು 1955ರಲ್ಲಿ. ಆದರೆ ಈ ಮೆಟ್ಟಿಲು ಉಳಿದುಕೊಂಡಿತು, 1869ರದ್ದೇ. ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ 1919ರಿಂದ 1924ರವರೆಗೆ ಇಲ್ಲಿನ ನಿರ್ದೇಶಕರಾಗಿದ್ದರು. ಅವರ ಕೊನೆಯ ಹಾಡುಗಳು ಮೊದಲ ಬಾರಿಗೆ ಕಛೇರಿಯಲ್ಲಿ ಕೇಳಿಬಂದದ್ದು 1950ರಲ್ಲಿ, ಲಂಡನ್ನಿನಲ್ಲಿ, ನಮ್ಮ ಜಯಚಾಮರಾಜೇಂದ್ರ ಒಡೆಯರ ಹಣದ ನೆರವಿನಿಂದ. ಮೈಸೂರಿನವಳಾದ ನನಗೆ ಆ ಮೆಟ್ಟಿಲ ಮೇಲೆ ಪ್ರತಿ ಸಲವೂ ಅದು ನೆನಪಾಗುತ್ತದೆ. ಜುಲೈ, ಆಗಸ್ಟಿನಲ್ಲಿ ಒಪೆರಾ ಇರುವುದಿಲ್ಲ; ಟಿಕೆಟ್ ಬುಕ್ ಮಾಡುವ ಮುಂಚೆ ನೋಡಿಕೊಳ್ಳಿ.

ಎರಡನೆಯದು ಕುನ್‌ಸ್ಟ್‌ಹಿಸ್ಟೋರಿಶಸ್ ಮ್ಯೂಸಿಯಂ, ಹಳೆಯ ಕಲಾಕೃತಿಗಳ ಸಂಗ್ರಹಾಲಯ. ಎಲ್ಲ ಕೋಣೆ ಸುತ್ತಬೇಡಿ, ತಲೆ ಕೆಡುತ್ತದೆ. ಮೇಲಿನ ಮಹಡಿಯಲ್ಲಿ ಹದಿನಾರನೇ ಶತಮಾನದ ಚಿತ್ರಕಾರ ಬ್ರೂಗೆಲ್‌ನ ಚಿತ್ರಗಳಿರುವ ಕೋಣೆ ಎಲ್ಲಿ ಅಂತ ಕೇಳಿ ನೇರ ಹೋಗಿ. ಹಿಮದಲ್ಲಿ ಬೇಟೆಗಾರರು ಮನೆಗೆ ಮರಳುತ್ತಿರುವ 1565ರ ಚಿತ್ರದ ಮುಂದೆ ಕೂತುಬಿಡಿ. ಬೇಟೆಗೆ ಹೋದವರು ಮೂವರು, ಸಿಕ್ಕಿದ್ದು ಒಂದು ಬಡಕಲು ನರಿ. ನಾಯಿಗಳು ತಲೆ ತಗ್ಗಿಸಿವೆ. ಎಡಕ್ಕೆ ಹೋಟೆಲಿನ ಬೋರ್ಡು ಒಂದೇ ಕೊಂಡಿಯಲ್ಲಿ ನೇತಾಡುತ್ತಿದೆ. ಕೆಳಗೆ ಹೆಪ್ಪುಗಟ್ಟಿದ ಕೊಳದಲ್ಲಿ ಮಕ್ಕಳು ಜಾರಿ ಆಡುತ್ತಿದ್ದಾರೆ. ಇಷ್ಟು ಎಲ್ಲರೂ ನೋಡುತ್ತಾರೆ. ಇನ್ನೂ ಸ್ವಲ್ಪ ಹೊತ್ತು ಕೂತರೆ ಬಲಗಡೆ ಕೆಳಮೂಲೆಯ ಸೇತುವೆ ಕಾಣುತ್ತದೆ. ಅದರ ಮೇಲೆ ಬೆನ್ನು ಬಾಗಿಸಿ ಸೌದೆ ಹೊರೆ ಹೊತ್ತು ಹೋಗುತ್ತಿರುವ ಒಂದು ಜೀವ. ಅದು ನನ್ನ ಕಣ್ಣಿಗೆ ಬಿದ್ದದ್ದು ಮೂರನೆಯ ಭೇಟಿಯಲ್ಲಿ. ಚಿಕ್ಕವಳಿದ್ದಾಗ ಅಜ್ಜಿ ಕಾಡಂಚಿನಿಂದ ಪುಳ್ಳೆ ಹೊತ್ತು ಬರುತ್ತಿದ್ದದ್ದು ಹೀಗೇ. ಎದ್ದು ಬರಲು ಮನಸ್ಸಾಗಲಿಲ್ಲ.

ಕಾಫಿಗೆ ಗುಂಪೆಂಡೋರ್ಫರ್ ರಸ್ತೆಯ ಕಫೆ ಶ್ಪೆರ್ಲ್. 1880ರಿಂದ ಇದೆ, ಅಮೃತಶಿಲೆಯ ಮೇಜು, ಬಿಲಿಯರ್ಡ್ಸ್ ಟೇಬಲ್ಲು, ಮರದ ಹಿಡಿಗೆ ಸಿಕ್ಕಿಸಿದ ಪತ್ರಿಕೆ. 'ಮೆಲಾಂಜ್' ಹೇಳಿ: ಡಿಕಾಕ್ಷನ್‌ಗೆ ಸಮಸಮ ಬಿಸಿಹಾಲು, ಮೇಲೆ ನೊರೆ. ಫಿಲ್ಟರ್ ಕಾಫಿಯ ನಾಲಿಗೆಗೆ ಕೂಡಲೇ ಒಗ್ಗುತ್ತದೆ. ಒಂದೇ ಕಪ್ ಕುಡಿದು ಎರಡು ಗಂಟೆ ಕೂತರೂ ಏಳಿ ಅನ್ನುವವರಿಲ್ಲ. ಬಿಲ್ಲು ತಾನಾಗಿ ಬರುವುದಿಲ್ಲ, 'ತ್ಸಾಲೆನ್ ಬಿಟ್ಟೆ' (ದುಡ್ಡು ಕೊಡ್ತೀನಿ) ಅನ್ನಬೇಕು. ಮೊಟ್ಟೆ ತಿನ್ನುವ ಸಸ್ಯಾಹಾರಿಗಳು ಊಟದ ಚಿಂತೆ ಮಾಡಬೇಡಿ: ಮೈದಾ, ಮೊಟ್ಟೆಯ ಪುಟ್ಟ ತುಣುಕುಗಳಿಗೆ ಚೀಸ್ ಹಾಕಿದ ಕೇಸ್‌ಶ್ಪೆಟ್ಸ್ಲೆ ಬಹಳ ಕಡೆ ಸಿಗುತ್ತದೆ, ಸೇಬು ತುಂಬಿದ ಸಿಹಿ ಸುರುಳಿ ಶ್ಟ್ರೂಡಲ್ ಅಂತೂ ಇದ್ದೇ ಇದೆ. ಭಾನುವಾರ ಅಂಗಡಿ ಮುಂಗಟ್ಟು ಮುಚ್ಚಿರುತ್ತವೆ, ಹಾಲು ಬ್ರೆಡ್ಡು ಶನಿವಾರವೇ ತಂದಿಟ್ಟುಕೊಳ್ಳಿ. ಟ್ರಾಮಿನ ಬಿಡಿ ಟಿಕೆಟ್ ಕೊಂಡರೆ ಸಾಲದು, ನೀಲಿ ಪೆಟ್ಟಿಗೆಯಲ್ಲಿ ತೂರಿಸಿ ಮುದ್ರೆ ಒತ್ತಿಸಬೇಕು.

ಕಾಫಿಯ ಜೊತೆ ತಟ್ಟೆಯಲ್ಲಿ ಒಂದು ಲೋಟ ನೀರು ಬರುತ್ತದಲ್ಲ, ಅದನ್ನು ಬಿಡಬೇಡಿ. ಅದು ಆಲ್ಪ್ಸ್ ಬೆಟ್ಟದ ಒರತೆ ನೀರು. 1873ರಲ್ಲಿ ಮೊದಲ ಕಾಲುವೆ, 1910ರಲ್ಲಿ ಎರಡನೆಯದು ಕಟ್ಟಿ ತಂದರು. ಬೆಟ್ಟದಿಂದ ಊರಿನವರೆಗೂ ಇಳಿಜಾರಿನಲ್ಲೇ ಹರಿದು ಬರುತ್ತದೆ, ಪಂಪಿಲ್ಲ. ಮಗಳ ಮನೆಯ ನಲ್ಲಿಯಲ್ಲೂ ಅದೇ ನೀರು. ಬಾಟಲಿ ನೀರಿಗೆ ದುಡ್ಡು ಹಾಕಬೇಡಿ, ಖಾಲಿ ಬಾಟಲಿ ಇಟ್ಟುಕೊಂಡು ರಸ್ತೆಬದಿಯ ನಲ್ಲಿಗಳಲ್ಲಿ ತುಂಬಿಸಿಕೊಳ್ಳಿ.

ತುಂಬಿದ ಬಾಟಲಿ ಹಿಡಿದು 71ನೇ ನಂಬರ್ ಟ್ರಾಮ್ ಹತ್ತಿ. ಯಾರಾದರೂ ತೀರಿಕೊಂಡರೆ ಅಲ್ಲಿನವರು "71 ಹತ್ತಿದ" ಅನ್ನುತ್ತಾರೆ, ಅದು ಹೋಗುವುದು 1874ರ ದೊಡ್ಡ ಸ್ಮಶಾನಕ್ಕೆ. ಎರಡನೇ ಗೇಟಿನಲ್ಲಿ ಇಳಿದು 32ಎ ಅನ್ನುವ ಸಮಾಧಿಗಳ ಗುಂಪಿಗೆ ನಡೆಯಿರಿ. ಸಂಗೀತ ರಚನಕಾರರಾದ ಬೀಥೋವನ್, ಶೂಬರ್ಟ್, ಬ್ರಾಮ್ಸ್ ಅಕ್ಕಪಕ್ಕದಲ್ಲೇ ಇದ್ದಾರೆ. ಸಂಜೆ ಒಪೆರಾ ಇಟ್ಟುಕೊಂಡ ದಿನ ಬೆಳಿಗ್ಗೆ ಅಲ್ಲಿಗೆ ಹೋಗಿ ಅರ್ಧ ಗಂಟೆ ಕೂತು ಬರುತ್ತೇನೆ. ಹೂವು ಬೇಕಾದರೆ ಗೇಟಿನ ಹತ್ತಿರವೇ ಸಿಗುತ್ತದೆ.