ಬಾನೆಟ್ ತಣ್ಣಗಿರುವಾಗಲೇ ಹೋಗಿ: ಸೆಕೆಂಡ್ ಹ್ಯಾಂಡ್ ಚಾಲೆಂಜರ್ ಕೊಳ್ಳುವವರಿಗೆ

ಡಾಡ್ಜ್ ಚಾಲೆಂಜರ್ ಎನ್ನುವ ಅಮೆರಿಕದ ಜೋರು ಇಂಜಿನ್ನಿನ ಕಾರು ತಗೋಬೇಕು ಅಂತ ಆಸೆ ಇದ್ದರೆ ಈಗ ಇರುವುದು ಹಳೇ ಕಾರಿನ ಮಾರುಕಟ್ಟೆ ಮಾತ್ರ. ಕೆನಡಾದ ಬ್ರಾಂಪ್ಟನ್ ಕಾರ್ಖಾನೆಯಲ್ಲಿ 2023ರ ಡಿಸೆಂಬರ್‌ನಲ್ಲಿ ಇದರ ತಯಾರಿಕೆ ನಿಂತಿತು. ನಾನು ಹಾಸನದವಳು, ಮಿಶಿಗನ್‌ನಲ್ಲಿ ಇಂಜಿನ್‌ಗಳ ಸದ್ದು ಮತ್ತು ಅದುರುವಿಕೆ ಅಳೆಯುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಪರಿಚಯದ ಕನ್ನಡದ ಹುಡುಗರು ಕಾರು ನೋಡಲು ಹೊರಟಾಗ "ಅಕ್ಕಾ, ನೀವೂ ಸ್ವಲ್ಪ ಬನ್ನಿ" ಅಂತ ಕರೆಯುತ್ತಾರೆ. ಖುಷಿಯಿಂದ ಹೋಗುತ್ತೇನೆ. ದಾರಿಯಲ್ಲಿ ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಮಾತು. ಈ ಕಾರಿನಲ್ಲಿ ಬಣ್ಣ, ಬ್ಯಾಡ್ಜ್, ಹಾರ್ಸ್‌ಪವರ್ ಎಲ್ಲಕ್ಕಿಂತ ಮುಖ್ಯ ಅದನ್ನು ಹಿಂದಿನವರು ಹೇಗೆ ನೋಡಿಕೊಂಡರು ಎನ್ನುವುದು. ಕ್ಯಾಮ್ರಿ, ಅಕಾರ್ಡ್ ಕೊಂಡವರು ಆಫೀಸಿಗೆ ಹೋಗಿ ಬರುತ್ತಾರೆ, ಅಷ್ಟೇ. ಚಾಲೆಂಜರ್ ಕೊಂಡವರಲ್ಲಿ ಕೆಲವರು ಅದನ್ನು ಮಗುವಿನ ಹಾಗೆ ಸಾಕಿರುತ್ತಾರೆ, ಕೆಲವರು ಪಾರ್ಕಿಂಗ್ ಲಾಟ್‌ನಲ್ಲಿ ಟೈರ್ ಸುಟ್ಟು ಹೊಗೆ ಎಬ್ಬಿಸಿರುತ್ತಾರೆ. ಇಬ್ಬರೂ ಮಾರುವ ದಿನ ಕಾರು ತೊಳೆದು ಪಾಲಿಶ್ ಹಾಕಿಯೇ ನಿಲ್ಲಿಸುವುದು. ಯಾರ ಕಾರು ಯಾವುದು ಅಂತ ಕಂಡುಹಿಡಿಯುವುದು ನಿಮ್ಮ ಕೆಲಸ.

ಯಾವ ವರ್ಷದ್ದು ನೋಡಬೇಕು? ಮೂಲ ಚಾಲೆಂಜರ್ 1970ರಿಂದ 1974ರವರೆಗೆ ಬಂತು. ಆಮೇಲೆ 1978ರಲ್ಲಿ ಅದೇ ಹೆಸರನ್ನು ಮಿತ್ಸುಬಿಷಿಯ ಒಂದು ಚಿಕ್ಕ ಕಾರಿಗೆ ಕೊಟ್ಟರು, ಅದರ ಸುದ್ದಿ ಇಲ್ಲಿ ಬೇಡ. ಹಳೆಯ ರೂಪ ಮತ್ತೆ ಕಾಣಿಸಿದ್ದು 2006ರ ಡೆಟ್ರಾಯಿಟ್ ಆಟೋ ಶೋದಲ್ಲಿ. ಮಾರಾಟಕ್ಕೆ ಬಂದದ್ದು 2008ರಲ್ಲಿ. ಆ ಮೊದಲ ವರ್ಷ ಎಸ್‌ಆರ್‌ಟಿ8 ಒಂದೇ ಮಾಡೆಲ್. 6.1 ಲೀಟರ್ ಹೆಮಿ (ಡಾಡ್ಜ್ ಕಾರುಗಳ ಎಂಟು ಸಿಲಿಂಡರ್ ಇಂಜಿನ್), 425 ಹಾರ್ಸ್‌ಪವರ್, ಗೇರ್ ಆಟೋಮ್ಯಾಟಿಕ್ ಮಾತ್ರ. 2009ರಲ್ಲಿ ಆರು ಸಿಲಿಂಡರ್ ಇರುವ ವಿ6, 5.7 ಲೀಟರ್ ಹೆಮಿಯ ಆರ್/ಟಿ ಮತ್ತು ಆರು ಸ್ಪೀಡಿನ ಮ್ಯಾನ್ಯುಯಲ್ ಗೇರ್ ಬಂದವು. 2011ರಲ್ಲಿ ವಿ6 ಬದಲಾಗಿ 305 ಹಾರ್ಸ್‌ಪವರ್‌ನ 3.6 ಪೆಂಟಾಸ್ಟಾರ್ ಆಯಿತು.

ದೊಡ್ಡ ಬದಲಾವಣೆ ಆದದ್ದು 2015ರಲ್ಲಿ. ಒಳಗಿನ ಡ್ಯಾಶ್‌ಬೋರ್ಡ್ ಪೂರ್ತಿ ಹೊಸದು, ಎಂಟು ಸ್ಪೀಡಿನ ಆಟೋಮ್ಯಾಟಿಕ್, 6.4 ಲೀಟರ್‌ನ 485 ಹಾರ್ಸ್‌ಪವರ್ ಸ್ಕ್ಯಾಟ್ ಪ್ಯಾಕ್, 707 ಹಾರ್ಸ್‌ಪವರ್‌ನ ಹೆಲ್‌ಕ್ಯಾಟ್. ನನ್ನನ್ನು ಕೇಳಿದರೆ 2015ರ ನಂತರದ್ದನ್ನೇ ನೋಡಿ. ಆ ಎಂಟು ಸ್ಪೀಡಿನ ಗೇರ್‌ಬಾಕ್ಸ್ ಒಂದೇ ಸಾಕು ಕಾರಣಕ್ಕೆ. ಹಳೆಯ ಐದು ಸ್ಪೀಡಿನದು ಗಟ್ಟಿ, ಆದರೆ ಮಂದ. ಮನೆಯಲ್ಲಿ ಇದೊಂದೇ ಕಾರು ಇರುವುದಾದರೆ ಮತ್ತು ಹಿಮದಲ್ಲೂ ಓಡಿಸಬೇಕಾದರೆ, 2017ರಿಂದ ಬಂದ ಆಲ್ ವೀಲ್ ಡ್ರೈವ್ ವಿ6 ಜಿಟಿ ನಿಜಕ್ಕೂ ಒಳ್ಳೆಯ ಕಾರು. ಹಿಂದಿನ ಸೀಟಿನಲ್ಲಿ ದೊಡ್ಡವರು ಕೂರಬಹುದು, ಮಸ್ಟಾಂಗ್‌ನಲ್ಲಿ ಅದು ಆಗದ ಮಾತು. ಊರಿನಿಂದ ಅಪ್ಪ ಅಮ್ಮ ಬಂದಾಗ ಈ ಮಾತು ನೆನಪಾಗುತ್ತದೆ.

ಕಾರು ನೋಡಲು ಹೋಗುವ ಮುಂಚೆಯೇ ವಿನ್ ನಂಬರ್, ಅಂದರೆ ಆ ಕಾರಿನ ಗುರುತಿನ ಸಂಖ್ಯೆ, ತರಿಸಿಕೊಳ್ಳಿ. ಹದಿನೇಳು ಅಕ್ಷರ ಇರುತ್ತದೆ. ಎಂಟನೆಯದು ಇಂಜಿನ್: ಜಿ ಇದ್ದರೆ 3.6 ವಿ6, ಟಿ ಇದ್ದರೆ 5.7, ಜೆ ಇದ್ದರೆ 6.4, ಅಂಕಿ 9 ಇದ್ದರೆ ಸೂಪರ್‌ಚಾರ್ಜರ್ ಇರುವ 6.2. ಹತ್ತನೆಯ ಅಕ್ಷರ ಮಾಡೆಲ್ ವರ್ಷ. ಇದು ಯಾಕೆ ಬೇಕು ಅಂದರೆ, ವಿ6 ಕಾರಿಗೆ ಸ್ಕ್ಯಾಟ್ ಪ್ಯಾಕ್‌ನ ಜೇನುನೊಣದ ಬ್ಯಾಡ್ಜ್ ಅಂಟಿಸಿ ನಿಲ್ಲಿಸಿದ್ದನ್ನು ನಾನೇ ನೋಡಿದ್ದೇನೆ. ಬ್ಯಾಡ್ಜ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಎಂಟನೇ ಅಕ್ಷರ ಸಿಗುವುದಿಲ್ಲ. ವಿಂಡ್‌ಶೀಲ್ಡ್ ಕೆಳಗಿನ ನಂಬರ್, ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಮತ್ತು ಟೈಟಲ್ (ಮಾಲೀಕತ್ವದ ಪತ್ರ), ಮೂರರಲ್ಲೂ ನಂಬರ್ ಒಂದೇ ಇರಬೇಕು.

ಇನ್ನು ಮುಖ್ಯ ವಿಷಯ, ತಣ್ಣಗಿನ ಸ್ಟಾರ್ಟ್. ಫೋನಿನಲ್ಲೇ ಮಾರುವವರಿಗೆ ಹೇಳಿ: "ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ." ಬೆಳಗ್ಗೆ ಹೋಗಿ. ಹೋದ ತಕ್ಷಣ ಮಾತಾಡುತ್ತಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಯಾರೋ ಆಗಲೇ ಓಡಿಸಿದ್ದಾರೆ ಅಂತ ಅರ್ಥ. ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಒಂದು ನೇರಳೆ ಬಣ್ಣದ ಸ್ಕ್ಯಾಟ್ ಪ್ಯಾಕ್ ನೋಡಲು ಹೋದಾಗ ಹೀಗೇ ಆಯಿತು. "ಈಗಷ್ಟೇ ಕಾರ್ ವಾಶ್ ಮಾಡಿಸಿಕೊಂಡು ಬಂದೆ" ಅಂದರು. ಇರಲಿ, ಮಧ್ಯಾಹ್ನದ ಮೇಲೆ ಬರುತ್ತೇವೆ ಅಂದು ಊಟ ಮುಗಿಸಿ ಸಾಕಷ್ಟು ತಡ ಮಾಡಿ ಹೋದೆವು. ಅಷ್ಟರಲ್ಲಿ ಇಂಜಿನ್ ತಣ್ಣಗಾಗಿತ್ತು. ಸ್ಟಾರ್ಟ್ ಮಾಡಿದ ಕೂಡಲೇ ಬಲಗಡೆ ಹಿಂಭಾಗದಿಂದ ಟಿಕ್ ಟಿಕ್ ಅಂತ ಸ್ಪಷ್ಟವಾಗಿ ಕೇಳಿಸಿತು.

ಈ ಟಿಕ್ ಹೆಮಿಯಲ್ಲಿ ಹೆಸರುವಾಸಿ. ಆದರೆ ಎಲ್ಲ ಟಿಕ್ ಒಂದೇ ಅಲ್ಲ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮುಂದಿನ ಚಕ್ರದ ಪಕ್ಕ ನಿಂತು ಕೇಳಿ. ಹಗುರವಾದ, ಎಣಿಸಲಾಗದಷ್ಟು ವೇಗದ ಚಟಚಟ ಸದ್ದು ಇಂಜೆಕ್ಟರ್‌ಗಳದ್ದು. ಎಂಟೂ ಸೇರಿ ಮಾಡುವ ಸದ್ದು, ಅದು ಮಾಮೂಲು. ಒಂದೇ ಸಿಲಿಂಡರ್‌ನಿಂದ ಬರುವ ಸದ್ದು ಬೇರೆ. 700 ಆರ್‌ಪಿಎಂ ಐಡಲ್‌ನಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಅದರ ಅರ್ಧ, ಅಂದರೆ ನಿಮಿಷಕ್ಕೆ 350 ಸುತ್ತು ತಿರುಗುತ್ತದೆ. ಹಾಗಾಗಿ ಒಂದು ಸಿಲಿಂಡರ್‌ನ ಟಿಕ್ ಸೆಕೆಂಡಿಗೆ ಸುಮಾರು ಆರು ಸಲ ಕೇಳುತ್ತದೆ. ಒಂದೊಂದೂ ಬಿಡಿಬಿಡಿಯಾಗಿ ಗೊತ್ತಾಗುತ್ತದೆ. ಅದು ಕೇಳಿಸಿತು ಅಂದರೆ ಇಂಜಿನ್ ಆಫ್ ಮಾಡಿಸಬೇಡಿ, ಹತ್ತು ಹದಿನೈದು ನಿಮಿಷ ಕಾಯಿರಿ.

ಬಿಸಿ ಏರಿದಂತೆ ಟಿಕ್ ಕಡಿಮೆಯಾಗುತ್ತಾ ಹೋಗಿ ನಿಂತರೆ, ಹೆಚ್ಚಾಗಿ ಅದು ಇಂಜಿನ್ನಿನ ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಬೋಲ್ಟ್ ಮುರಿದದ್ದು. ತುದಿಯ ಬೋಲ್ಟ್‌ಗಳು ಮುರಿಯುವುದು ಜಾಸ್ತಿ. ಸಣ್ಣ ಸಂದಿನಿಂದ ಹೊಗೆ ಹೊರಗೆ ಬಡಿಯುತ್ತದೆ, ಲೋಹ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಇದು ರಿಪೇರಿ ಆಗುವಂಥದ್ದು, ಬೆಲೆಯಲ್ಲಿ ಕಡಿಮೆ ಮಾಡಿಸಿಕೊಂಡು ತಗೊಳ್ಳಬಹುದು.

ಬಿಸಿಯಾದ ಮೇಲೂ ಟಿಕ್ ಹಾಗೇ ಇದ್ದರೆ, ಅಥವಾ ಇನ್ನೂ ಗಟ್ಟಿಯಾದರೆ, ವಾಪಸ್ ಬಂದುಬಿಡಿ. ಅದು ಲಿಫ್ಟರ್, ಅಂದರೆ ಕ್ಯಾಮ್ ತಳ್ಳುವುದನ್ನು ವಾಲ್ವ್ ಕಡೆಗೆ ಮುಟ್ಟಿಸುವ ಭಾಗ, ಇರಬಹುದು. ಲಿಫ್ಟರ್‌ನ ತುದಿಯಲ್ಲಿ ಒಂದು ಪುಟ್ಟ ರೋಲರ್ ಇರುತ್ತದೆ, ಕ್ಯಾಮ್ ಮೇಲೆ ಉರುಳುತ್ತಿರಬೇಕು. ಅದರ ಬೇರಿಂಗ್ ಹೋದರೆ ಉರುಳುವುದು ನಿಲ್ಲುತ್ತದೆ, ಉಜ್ಜತೊಡಗುತ್ತದೆ. ಉಜ್ಜಿ ಉಜ್ಜಿ ಕ್ಯಾಮ್‌ನ ಉಬ್ಬೇ ಸವೆದುಹೋಗುತ್ತದೆ, ಲೋಹದ ಪುಡಿ ಆಯಿಲ್‌ಗೆ ಸೇರುತ್ತದೆ. ಹೆಡ್ ಬಿಚ್ಚಬೇಕು, ಕ್ಯಾಮ್ ಬದಲಿಸಬೇಕು, ಸಾವಿರಾರು ಡಾಲರ್ ಕೆಲಸ. 5.7 ಮತ್ತು 6.4 ಎರಡರಲ್ಲೂ ಇದು ಬರುತ್ತದೆ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿದ ರಸೀದಿಗಳನ್ನು ನಾನು ಅಷ್ಟು ಒತ್ತಾಯ ಮಾಡಿ ಕೇಳುವುದು ಇದಕ್ಕೇ. 5.7ಕ್ಕೆ 5ಡಬ್ಲ್ಯೂ-20, 6.4ಕ್ಕೆ 0ಡಬ್ಲ್ಯೂ-40. ರಸೀದಿಯಲ್ಲಿ ಸರಿಯಾದ ಆಯಿಲ್ ಇದೆಯಾ, ದಿನಾಂಕಗಳ ನಡುವೆ ಎಷ್ಟು ಮೈಲಿ, ಎರಡನ್ನೂ ನೋಡಿ. "ನಾನೇ ಮನೆಯಲ್ಲಿ ಮಾಡ್ತಿದ್ದೆ" ಅನ್ನುವವರ ಹತ್ತಿರ ಕೊನೇಪಕ್ಷ ಫಿಲ್ಟರ್, ಆಯಿಲ್ ಕೊಂಡ ಬಿಲ್ ಆದರೂ ಇರುತ್ತದೆ.

ಸ್ಟರ್ಲಿಂಗ್ ಹೈಟ್ಸ್‌ನ ಆ ನೇರಳೆ ಕಾರಿನ ಟಿಕ್ ಬಿಸಿಯಾದ ಮೇಲೂ ಹೋಗಲಿಲ್ಲ. ಜೊತೆಗಿದ್ದ ಹುಡುಗನ ಮುಖ ಸಪ್ಪಗಾಯಿತು. ಆದರೂ ಬಿಟ್ಟು ಬಂದೆವು.

ವಿ6ಗೆ ಈ ತಲೆನೋವು ಕಡಿಮೆ. ಆದರೆ 2011ರಿಂದ 2013ರವರೆಗಿನ ಪೆಂಟಾಸ್ಟಾರ್‌ಗಳಲ್ಲಿ ಕೆಲವಕ್ಕೆ ಎಡಗಡೆಯ ಸಿಲಿಂಡರ್ ಹೆಡ್ ತೊಂದರೆ ಕೊಟ್ಟಿತ್ತು, ಕಂಪನಿಯೇ ಅದಕ್ಕೆ ವಾರಂಟಿ ಹೆಚ್ಚಿಸಿತ್ತು. ನಂತರದವುಗಳಲ್ಲಿ ಇಂಜಿನ್ ನಡುವೆ ಕೂತ ಪ್ಲಾಸ್ಟಿಕ್ ಆಯಿಲ್ ಫಿಲ್ಟರ್ ಹೌಸಿಂಗ್ ಸೋರುವುದನ್ನು ನೋಡಬೇಕು. ಇನ್ನೊಂದು, ವಿ6 ಚಾಲೆಂಜರ್‌ಗಳು ಬಾಡಿಗೆ ಕಂಪನಿಗಳಲ್ಲಿ ಸಾಕಷ್ಟು ಓಡಿವೆ. ಕಾರಿನ ಹಿಂದಿನ ಇತಿಹಾಸ ಹೇಳುವ ಕಾರ್‌ಫ್ಯಾಕ್ಸ್ ರಿಪೋರ್ಟ್‌ನಲ್ಲಿ ಮೊದಲ ಮಾಲೀಕರ ಜಾಗದಲ್ಲಿ ರೆಂಟಲ್ ಅಂತ ಇದ್ದರೆ ಬೆಲೆಯೂ ಅದಕ್ಕೆ ತಕ್ಕ ಹಾಗೆ ಕಡಿಮೆ ಇರಬೇಕು.

ಈಗ ಹಿಂದಿನ ಟೈರ್ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿ. ಮೊಬೈಲ್ ಟಾರ್ಚ್ ಹಿಡಿದು ಚಕ್ರದ ಮೇಲಿನ ಕಮಾನಿನ ಒಳಗೆ, ಬಂಪರ್‌ನ ಹಿಂಬದಿ ಅಂಚಿಗೆ ಬೆಳಕು ಬಿಡಿ. ಕರಗಿ ಅಂಟಿದ ರಬ್ಬರ್‌ನ ಕರಿ ಚುಕ್ಕೆಗಳಿದ್ದರೆ ಬರ್ನ್‌ಔಟ್ ಮಾಡಿದ ಗುರುತು. ಕಾರು ತೊಳೆಯುವವರು ಅಲ್ಲಿಗೆ ಕೈ ಹಾಕುವುದಿಲ್ಲ. ಟೈರ್ ಬದಿಯಲ್ಲಿ ಡಾಟ್ ನಂಬರ್‌ನ ಕೊನೆಯ ನಾಲ್ಕು ಅಂಕಿ ಓದಿ: 2319 ಅಂದರೆ 2019ರ 23ನೇ ವಾರ. ಮುಂದಿನದು ಹಳೆಯದು, ಹಿಂದಿನದು ಮಾತ್ರ ಹೊಚ್ಚ ಹೊಸದು ಆಗಿದ್ದರೆ ಯಾಕೆ ಅಂತ ಕೇಳಿ. ಇಷ್ಟು ತೂಕದ ಕಾರಿಗೆ ಟೈರ್, ಬ್ರೇಕ್ ಎರಡೂ ಬೇಗ ಸವೆಯುತ್ತವೆ, ಅದು ತಪ್ಪಲ್ಲ. ಉತ್ತರ ಹೇಗೆ ಬರುತ್ತದೆ ಎನ್ನುವುದನ್ನು ಗಮನಿಸಿ.

ಮಿಶಿಗನ್, ಒಹಾಯೊ ಕಡೆಯ ಕಾರಾದರೆ ಕೆಳಗೆ ತುಕ್ಕು ನೋಡಲೇಬೇಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಮಿಶಿಗನ್‌ನಲ್ಲಿ ವರ್ಷವರ್ಷ ಕಾರು ತಪಾಸಣೆ ಮಾಡಿಸುವ ಕಾನೂನೂ ಇಲ್ಲ. ಟೆಕ್ಸಾಸ್, ಫ್ಲೋರಿಡಾದಿಂದ ಬಂದದ್ದಾದರೆ ನೆರೆ ನೀರಿನ ಗುರುತು ಹುಡುಕಿ. ಸೀಟಿನ ಕೆಳಗಿನ ಬೋಲ್ಟ್, ಡಿಕ್ಕಿಯ ಸ್ಟೆಪ್ನಿ ಗುಂಡಿ ನೋಡಿ, ಸೀಟ್ ಬೆಲ್ಟ್ ಪೂರ್ತಿ ಎಳೆದು ಮೂಸಿ.

ಕಾರಿನ ಕಂಪ್ಯೂಟರ್‌ನಿಂದ ತೊಂದರೆಯ ಕೋಡ್ ಓದುವ ಒಂದು ಅಗ್ಗದ ಓಬಿಡಿ ಸ್ಕ್ಯಾನರ್ ಜೇಬಿನಲ್ಲಿರಲಿ. ಚೆಕ್ ಇಂಜಿನ್ ದೀಪ ಉರಿಯುತ್ತಿಲ್ಲ ಅಂತ ಸಮಾಧಾನ ಪಡಬೇಡಿ, ರೆಡಿನೆಸ್ ಮಾನಿಟರ್‌ಗಳನ್ನು (ಕಾರು ತನ್ನನ್ನೇ ಪರೀಕ್ಷಿಸಿಕೊಂಡ ದಾಖಲೆ) ನೋಡಿ. ಸುಮಾರಷ್ಟು "ನಾಟ್ ರೆಡಿ" ಅಂತ ತೋರಿಸಿದರೆ ಬ್ಯಾಟರಿ ಬಿಚ್ಚಿದ್ದಾರೆ ಅಥವಾ ಕೋಡ್ ಅಳಿಸಿದ್ದಾರೆ. ಆಮೇಲೆ ನಿಮ್ಮ ನಂಬಿಕೆಯ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಏರಿಸಿ ಪ್ರೀ ಪರ್ಚೇಸ್ ತಪಾಸಣೆ ಮಾಡಿಸಿ. ಬೇಡ ಅನ್ನುವ ಮಾರಾಟಗಾರರ ಕಾರು ನಿಮಗೂ ಬೇಡ.

ರಿಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಕಾರು ವಾಪಸ್ ಕರೆಯುವ ವಿಷಯದಲ್ಲಿ ರಾಜಿ ಬೇಡ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ ಸೈಟಿನಲ್ಲಿ ವಿನ್ ಹಾಕಿದರೆ ಬಾಕಿ ಇರುವುದೆಲ್ಲ ಬರುತ್ತದೆ. 2010ರವರೆಗಿನ ಚಾಲೆಂಜರ್‌ಗಳ ತಕಾಟಾ ಏರ್‌ಬ್ಯಾಗ್ ಬದಲಿಸದಿದ್ದರೆ ಓಡಿಸಲೇಬೇಡಿ ಅಂತ 2022ರ ನವೆಂಬರ್‌ನಲ್ಲಿ ಎಚ್ಚರಿಕೆ ಬಂದಿತ್ತು. ಏರ್‌ಬ್ಯಾಗ್ ಒಳಗಿನ ಲೋಹವೇ ಸಿಡಿದು ಜನ ಸತ್ತಿದ್ದಾರೆ. ಡೀಲರ್ ಹತ್ತಿರ ಪುಕ್ಕಟೆ ಬದಲಿಸಿಕೊಡುತ್ತಾರೆ. ಬದಲಿಸಿದ ಮೇಲೆಯೇ ಟೆಸ್ಟ್ ಡ್ರೈವ್.

ಸ್ಕ್ಯಾಟ್ ಪ್ಯಾಕ್, ಹೆಲ್‌ಕ್ಯಾಟ್ ಕಳ್ಳರ ಕಣ್ಣಿಗೆ ಬಿದ್ದ ಕಾರುಗಳು. ದುಡ್ಡು ಕೊಡುವ ಮುಂಚೆ ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತ ಫೋನ್ ಮಾಡಿ ಕೇಳಿ. ಚಿಕ್ಕ ವಯಸ್ಸಿನವರಿಗೆ ಅದನ್ನು ಕೇಳಿಯೇ ಕಾರು ಬೇಡ ಅನ್ನಿಸಬಹುದು. 2021ರಲ್ಲಿ ಡಾಡ್ಜ್ ಈ ಮಾಡೆಲ್‌ಗಳಿಗೆ ಪಿನ್ ನಂಬರ್‌ನ ಒಂದು ಸಾಫ್ಟ್‌ವೇರ್ ಕೊಟ್ಟಿತು. ಪಿನ್ ಹಾಕದಿದ್ದರೆ ಇಂಜಿನ್ 675 ಆರ್‌ಪಿಎಂ ದಾಟುವುದಿಲ್ಲ. ಹಾಕಿಸಿದ್ದಾರಾ ಅಂತ ಕೇಳಿ, ಇಲ್ಲದಿದ್ದರೆ ನೀವು ಹಾಕಿಸಿ. ಹೆಲ್‌ಕ್ಯಾಟ್‌ಗೆ ಕೆಂಪು ಮತ್ತು ಕಪ್ಪು ಎರಡು ಕೀ ಬರುತ್ತವೆ. ಪೂರ್ತಿ ಶಕ್ತಿ ಸಿಗುವುದು ಕೆಂಪು ಕೀಯಲ್ಲಿ. ಎರಡೂ ಕೈಗೆ ಬರಬೇಕು.

ಊರಿಗೆ ತಗೊಂಡು ಹೋಗಬಹುದಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗುವುದಿಲ್ಲ. ಈ ಕಾರು ಬಲಗಡೆ ಸ್ಟೀರಿಂಗ್‌ನಲ್ಲಿ ಕಾರ್ಖಾನೆಯಿಂದ ಬಂದೇ ಇಲ್ಲ, ಎಡಗಡೆ ಸ್ಟೀರಿಂಗ್‌ನ ಹಳೇ ಕಾರನ್ನು ಭಾರತಕ್ಕೆ ತರಲು ಬಿಡುವುದಿಲ್ಲ. ಇಲ್ಲೇ ಓಡಿಸಿ ಖುಷಿಪಡಿ. ಆಗಸ್ಟ್‌ನ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂಗೆ ಹಳೇ ಕಾರುಗಳ ಮೆರವಣಿಗೆಯಾದ ಡ್ರೀಮ್ ಕ್ರೂಸ್ ನೋಡಲು ಬನ್ನಿ, 1970ರ ಚಾಲೆಂಜರ್ ಪಕ್ಕ ನಿಮ್ಮದನ್ನು ನಿಲ್ಲಿಸಿ ನೋಡಿ.

ಬೆಲೆ ಮಾತಾಡುವಾಗ ಟ್ಯಾಕ್ಸ್, ಡಾಕ್ಯುಮೆಂಟ್ ಫೀ ಎಲ್ಲ ಸೇರಿ ಕೈಯಿಂದ ಹೋಗುವ ಒಟ್ಟು ಮೊತ್ತವನ್ನೇ ಕೇಳಿ. ಮಿಶಿಗನ್‌ನಲ್ಲಿ ತೆರಿಗೆ ಶೇಕಡಾ 6. ಖಾಸಗಿಯವರಿಂದ ಕೊಂಡರೆ ಅವರ ಜೊತೆಗೇ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ (ಇಲ್ಲಿ ಕಾರಿನ ನೋಂದಣಿ ನೋಡುವುದು ಇದೇ) ಹೋಗಿ ಟೈಟಲ್ ಬದಲಿಸಿಕೊಳ್ಳಿ. ಕಾರಿನ ಮೇಲೆ ಸಾಲ ಬಾಕಿ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಹೆಮಿಗೆ ಒಂದೊಂದು ಸಿಲಿಂಡರ್‌ಗೆ ಎರಡರಂತೆ ಹದಿನಾರು ಸ್ಪಾರ್ಕ್ ಪ್ಲಗ್ ಬೇಕು, 6.4 ಮತ್ತು ಹೆಲ್‌ಕ್ಯಾಟ್‌ಗೆ ಪ್ರೀಮಿಯಂ ಪೆಟ್ರೋಲೇ ಹಾಕಬೇಕು. ಇರುವ ದುಡ್ಡನ್ನೆಲ್ಲ ಕಾರಿಗೇ ಸುರಿಯದೆ, ಒಂದು ಸೆಟ್ ಟೈರ್ ಮತ್ತು ಒಂದು ದೊಡ್ಡ ಸರ್ವಿಸ್‌ಗೆ ಆಗುವಷ್ಟು ಪಕ್ಕಕ್ಕೆ ಇಡಿ.

ಮನೆಗೆ ತಂದ ಮೊದಲ ವಾರವೇ ಆಯಿಲ್ ಬದಲಿಸಿ, ಹಿಂದಿನವರು ಈಗಷ್ಟೇ ಬದಲಿಸಿದ್ದೇವೆ ಅಂದರೂ ಸರಿ. ತೆಗೆದ ಫಿಲ್ಟರ್ ಎಸೆಯಬೇಡಿ. ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ, ಬಿಸಿಲಿನಲ್ಲಿ ಹಿಡಿದು ನೋಡಿ. ಮಿನುಗುವ ಚೂರುಗಳು ಕಂಡರೆ ಮತ್ತೆ ಓಡಿಸದೆ ನೇರ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಏನೂ ಇಲ್ಲದಿದ್ದರೆ ದಿನಾಂಕ, ಮೈಲಿ ಬರೆದು ರಸೀದಿಯನ್ನು ಫೈಲಿಗೆ ಹಾಕಿ.