ಪ್ರಾಧ್ಯಾಪಕರ ಪರಿಣತಿ ಪಟ್ಟಿ: ಶಾಲೆ ಕಡೆಯಿಂದ ಶುರು ಮಾಡಿದ ಮೇಲೆ ನಡೆಯಿತು

ಯಾವ ಪ್ರಾಧ್ಯಾಪಕರಿಗೆ ಯಾವುದರಲ್ಲಿ ಪರಿಣತಿ ಎಂಬ ಪಟ್ಟಿಯ ಗತಿ ನಮ್ಮವರಿಗೆಲ್ಲ ಗೊತ್ತೇ ಇದೆ. ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ತಂಡ ಬರುವ ಮೊದಲು, ಕಾಲೇಜಿನೊಳಗೆ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿಯವರು ಗೂಗಲ್ ಫಾರ್ಮ್ ಕಳಿಸುತ್ತಾರೆ. ನಾವು ತುಂಬುತ್ತೇವೆ. ಆಮೇಲೆ ಅದನ್ನು ಯಾರೂ ತೆರೆಯುವುದಿಲ್ಲ. ನಾನು ಮಂಗಳೂರಿನ ಒಂದು ಬಿ.ಎಡ್. ಕಾಲೇಜಿನಲ್ಲಿದ್ದೇನೆ. ನಾನು ಮಾಡಿದ ಪಟ್ಟಿ ಈಗ ವಾರ ವಾರವೂ ಬಳಕೆಯಾಗುತ್ತಿದೆ. ಸಿಆರ್‌ಪಿಗಳು (ಶಾಲಾ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳು) ಫೋನ್ ಮಾಡುತ್ತಾರೆ, ಉಡುಪಿ ಕಡೆಯ ಶಾಲೆಗಳಿಂದಲೂ ಕರೆ ಬರುತ್ತದೆ. "ಇದೆಲ್ಲ ಎಂತಕ್ಕೆ ಮಾರಾಯ್ರೆ, ಎರಡು ತಿಂಗಳ ಆಟ" ಎಂದವರೇ ಈಗ ತಮ್ಮ ಹೆಸರು ಯಾಕಿಲ್ಲ ಎಂದು ಕೇಳುತ್ತಿದ್ದಾರೆ!

ಮೊದಲು ನಾನೂ ಫಾರ್ಮನ್ನೇ ಕಳಿಸಿದ್ದೆ. ನಮ್ಮ ಕಾಲೇಜು, ಅಕ್ಕಪಕ್ಕದ ಬಿ.ಎಡ್. ಕಾಲೇಜುಗಳು, ಜೊತೆಗೆ ಮನೋವಿಜ್ಞಾನ, ಸಮಾಜಕಾರ್ಯ, ಸಂಖ್ಯಾಶಾಸ್ತ್ರದ ಪರಿಚಯದವರು ಸೇರಿ ಒಂದು ನಲವತ್ತು ಜನ. ಪರಿಣತಿಯ ಕಾಲಮಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬರೆದದ್ದು ಶೈಕ್ಷಣಿಕ ಮನೋವಿಜ್ಞಾನ. ಉಳಿದವರು ಶೈಕ್ಷಣಿಕ ತಂತ್ರಜ್ಞಾನ. ಕೊರೊನಾ ಕಾಲದಲ್ಲಿ ಜೂಮ್‌ನಲ್ಲಿ ಪಾಠ ಮಾಡಿದವರೆಲ್ಲ ತಂತ್ರಜ್ಞಾನದ ಪರಿಣತರು, ಅಲ್ವಾ? ಒಬ್ಬರಂತೂ "ಎಲ್ಲ ವಿಷಯ" ಎಂದು ಬರೆದಿದ್ದರು.

ಆಮೇಲೆ ಇನ್‌ಫ್ಲಿಬ್‌ನೆಟ್‌ನವರು ನಡೆಸುವ ವಿದ್ವಾನ್ ಎಂಬ ಆನ್‌ಲೈನ್ ತಜ್ಞರ ಪಟ್ಟಿ ನೋಡಿದೆ. ಯಾರು ಏನು ಪ್ರಕಟಿಸಿದ್ದಾರೆ, ಯಾರ ಜೊತೆ ಎಂಬುದು ಅಲ್ಲಿ ಚೆನ್ನಾಗಿ ಸಿಗುತ್ತದೆ. ಪಿಎಚ್.ಡಿ. ಪರೀಕ್ಷಕರನ್ನು ಹುಡುಕಲು ಬೇಕಾದಷ್ಟಾಯಿತು. ಆದರೆ ಬಂಟ್ವಾಳದ ಕಡೆಯ ಒಬ್ಬ ಹೆಡ್‌ಮಿಸ್ ಕೇಳಿದ್ದು ಬೇರೆ. ನಾಲ್ಕನೇ ಕ್ಲಾಸಿನ ಹುಡುಗ ಅಕ್ಷರಗಳನ್ನು ತಿರುವಿ ಬರೆಯುತ್ತಾನೆ, ಏನು ಮಾಡಲಿ? ಕಲಿಕಾ ನ್ಯೂನತೆಯ ಮೇಲೆ ಹತ್ತು ಪೇಪರ್ ಬರೆದವರು "ರೆಫರ್ ಮಾಡಿ" ಎಂದರು, ಅಷ್ಟೇ. ಒಂದೂ ಪೇಪರ್ ಇಲ್ಲದ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಅತಿಥಿ ಉಪನ್ಯಾಸಕಿಯೊಬ್ಬರು ಮಾತ್ರ ಹುಡುಗನ ಪುಸ್ತಕದ ಫೋಟೋ ತರಿಸಿ, ನಾಲ್ಕು ಪ್ರಶ್ನೆ ಕೇಳಿ, ನಾಳೆ ಬೆಳಿಗ್ಗೆ ಕ್ಲಾಸಿನಲ್ಲಿ ಏನು ಮಾಡಬೇಕು ಎಂದು ಹೇಳಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಇದೆ. ಹಾಗಾಗಿ ಪರೀಕ್ಷೆ ಎಲ್ಲಿ ಮಾಡಿಸಬೇಕು, ಕಾಗದಪತ್ರ ಹೇಗೆ ಎಂಬುದನ್ನೂ ತಿಳಿಸಿದರು. ಪಟ್ಟಿಗೆ ಬೇಕಾದದ್ದು ಇಂಥವರು ಎಂದು ನನಗೆ ಆವತ್ತೇ ಅನಿಸಿತು.

ನಡುವೆ ಸಾಫ್ಟ್‌ವೇರ್ ಮಾಡಿಸೋಣ ಎಂದು ಒಂದು ಕಂಪನಿಯವರನ್ನು ಕರೆಸಿದೆವು. ಒಂದೂವರೆ ಲಕ್ಷದ ಹತ್ತಿರ ಹೇಳಿದರು, ವರ್ಷ ವರ್ಷ ನಿರ್ವಹಣೆ ಬೇರೆ. ಆಡಳಿತ ಮಂಡಳಿಯವರು ನಕ್ಕು ಸುಮ್ಮನಾದರು. ಕಡೆಗೆ ಒಬ್ಬ ವಿದ್ಯಾರ್ಥಿ ಎಂಟು ಸಾವಿರಕ್ಕೆ ಒಂದು ಪುಟ ಮಾಡಿಕೊಟ್ಟ. ಅದರಲ್ಲಿ ಹುಡುಕಿದರೆ ಏನೂ ಸಿಗದು. ಹಳಬರು ಕೊಟ್ಟ ವಿವರವೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫಾಂಟಿನಲ್ಲಿತ್ತು. ಯುನಿಕೋಡಿಗೆ ಬದಲಿಸಿದರೆ ಒತ್ತಕ್ಷರಗಳೆಲ್ಲ ಚಿಂದಿ. ಎಂಟು ಸಾವಿರ ನೀರಲ್ಲಿ ಹೋಮ.

ಆಮೇಲೆ ಕೆಲಸವನ್ನೇ ತಿರುಗಿಸಿದೆ. ಪರಿಣತರನ್ನು ಪಕ್ಕಕ್ಕಿಟ್ಟು ಪ್ರಶ್ನೆಗಳನ್ನು ಕೂಡಿಹಾಕಿದೆ. 2015ರಿಂದ ಬಿ.ಎಡ್. ಎರಡು ವರ್ಷ ಆಯಿತಲ್ಲ, ಎರಡನೇ ವರ್ಷದ 16 ವಾರಗಳ ಇಂಟರ್ನ್‌ಶಿಪ್ ನನಗೆ ವರದಾನ. ಹೈಸ್ಕೂಲು, ಪ್ರೈಮರಿ ಎನ್ನದೆ ಹೋದ ಶಾಲೆಯ ಟೀಚರ್ ಹತ್ತಿರ ವಾರಕ್ಕೊಂದು ಪ್ರಶ್ನೆ ಕೇಳಿ, ಅವರದೇ ಮಾತಿನಲ್ಲಿ ಬರೆದು ತರಬೇಕು ಎಂದು ನಮ್ಮ ಹುಡುಗ ಹುಡುಗಿಯರಿಗೆ ಹೇಳಿದೆ. ಮುನ್ನೂರರಷ್ಟು ಬಂದವು. ಕೆಳಗಿನ ತರಗತಿಗಳನ್ನು ಒಟ್ಟಿಗೆ ಕೂರಿಸುವ ನಲಿಕಲಿಯಲ್ಲಿ ಮೂರು ತರಗತಿಯನ್ನು ಒಬ್ಬಳೇ ಹೇಗೆ ನೋಡಲಿ? ಮನೆಯಲ್ಲಿ ಬ್ಯಾರಿ ಅಥವಾ ತುಳು, ಕನ್ನಡ ಶಾಲೆಯಲ್ಲಿ ಮಾತ್ರ, ಒಂದನೇ ಕ್ಲಾಸಿನ ಮಗುವಿನ ಬಾಯಿ ಬಿಡಿಸುವುದು ಹೇಗೆ? ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ವರ್ಷದ ನಡುವೆ ಊರಿಗೆ ಹೋದರೆ? ಡಿಸಿ ಮಳೆ ರಜೆ ಕೊಟ್ಟ ದಿನಗಳ ಪಾಠ ಎಲ್ಲಿ ತುಂಬಿಸಲಿ? ಭಿನ್ನರಾಶಿ, ಪ್ರಶ್ನೆಪತ್ರಿಕೆಯ ಬ್ಲೂಪ್ರಿಂಟ್ ಅಂತೂ ಬೇಕಾದಷ್ಟು.

ಒಂದೊಂದು ಪ್ರಶ್ನೆಯನ್ನೂ ಪಟ್ಟಿಗೆಂದು ಕೇಳಿದ್ದ ಪರಿಣತರೆಲ್ಲರಿಗೂ ಕಳಿಸಿದೆ. ಎರಡು ನಿಮಿಷದೊಳಗಿನ ವಾಯ್ಸ್ ಮೆಸೇಜ್ ಸಾಕು. ಬಂದ ಉತ್ತರಗಳು ಹೆಸರಿಲ್ಲದೆ ಆ ಟೀಚರಿಗೇ ವಾಪಸ್ ಹೋದವು. ಅವರು ಕ್ಲಾಸಿನಲ್ಲಿ ಬಳಸಿದ ಉತ್ತರ ಯಾರದ್ದೋ, ಆ ವಿಷಯದ ಕೆಳಗೆ ಅವರ ಹೆಸರು. ಪದನಾಮ ಲೆಕ್ಕಕ್ಕಿಲ್ಲ.

ಬಂದ ಫಲ ನೋಡಿ ನನಗೇ ನಗು. ಭಿನ್ನರಾಶಿಗೆ ಗೆದ್ದದ್ದು ದೈಹಿಕ ಶಿಕ್ಷಣದ ಸರ್. ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಅರ್ಧ ಕಾಲು ಭಾಗಕ್ಕೆ ಮಕ್ಕಳನ್ನು ಓಡಿಸಿ ಎಂದಿದ್ದರು. ಮನೆಭಾಷೆಯ ಪ್ರಶ್ನೆಗಳಿಗೆ ನಮ್ಮ ಲೈಬ್ರರಿಯವರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಬ್ಯಾರಿಯೂ ಬರುತ್ತದೆ. ಫಾರ್ಮಿನಲ್ಲಿ ಅವರು ಬರೆದದ್ದು ಬರೀ "ಗ್ರಂಥಾಲಯ ವಿಜ್ಞಾನ".

ಹಿರಿಯರನ್ನು ಒಪ್ಪಿಸಲು ಸಾಕುಸಾಕಾಯಿತು. "ಇದೂ ಎಪಿಐ ತರಹವಾ?" ಎಂದು ಒಬ್ಬರು ಕೇಳಿದರು. ತಪ್ಪಿಲ್ಲ, ಬಡ್ತಿಗೆಂದು 2010ರಲ್ಲಿ ಯುಜಿಸಿ ತಂದ ಆ ಅಂಕಗಳ ಲೆಕ್ಕದಲ್ಲಿ ಫೈಲು ಕಟ್ಟಿ ಕಟ್ಟಿ ಬೇಸತ್ತವರು ಅವರು. ಬಡ್ತಿಯ ಸಿಎಎಸ್ ಫೈಲಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಪ್ರಿನ್ಸಿಪಾಲರ ಸಹಿ ಹಾಕಿಸಿ ಕೊಟ್ಟೆ. ಆದರೂ ಕೆಲವರು ಮೆಸೇಜ್ ಕಳಿಸಲಿಲ್ಲ. ಅವರ ಬಾಯಿ ಬಿಡಿಸಲು ನಾನು ಹೂಡಿದ ಉಪಾಯ ನನ್ನಲ್ಲೇ ಇರಲಿ. ತಪ್ಪು ಕೆಲಸವೇನಲ್ಲ, ಆದರೆ ಹೇಳಿದರೆ ಮುಂದಿನ ಸಲ ನಡೆಯದು.

ಸುಮ್ನೆ ಕುತೂಹಲಕ್ಕೆ ಇನ್ನೊಂದು ಮಾಡಿದೆ. ಐದಾರು ಜನರ ಒಪ್ಪಿಗೆ ಪಡೆದು ಅವರ ಪಾಠ ರೆಕಾರ್ಡ್ ಮಾಡಿ, ಕ್ಲಾಸಿನಲ್ಲಿ ನಡೆಯುವ ಮಾತನ್ನು ವರ್ಗ ವರ್ಗವಾಗಿ ಗುರುತಿಸುವ ಫ್ಲಾಂಡರ್ಸ್ ಪಟ್ಟಿ ಹಿಡಿದು ಮೂರು ಸೆಕೆಂಡಿಗೊಂದು ಗುರುತು ಹಾಕುತ್ತಾ ಕುಳಿತೆ. ಕಣ್ಣು ಉರಿ ಬಂತು. ಶಾಲೆಯವರು ಜಾಸ್ತಿ ಬಳಸಿದ ಉತ್ತರ ಕೊಟ್ಟವರ ಪಾಠದಲ್ಲಿ ನಾಲ್ಕನೆಯ ವರ್ಗ, ಅಂದರೆ ಪ್ರಶ್ನೆ ಕೇಳುವುದು, ಎದ್ದು ಕಾಣುತ್ತಿತ್ತು. ಉಳಿದವರದ್ದು ಬರೀ ಐದನೆಯದು, ಉಪನ್ಯಾಸ. ಇಷ್ಟು ಜನರ ಮೇಲೆ ಪೇಪರ್ ಬರೆಯಲಾಗದು, ಆದರೆ ಆ ಅತಿಥಿ ಉಪನ್ಯಾಸಕಿಯ ಪಾಠ ಕೇಳಲು ನಾನು ಆಮೇಲೂ ಹೋಗಿದ್ದೇನೆ.

ಒಟ್ಟು ಖರ್ಚು, ಆ ಎಂಟು ಸಾವಿರ ಬಿಟ್ಟರೆ, ಎರಡು ವರ್ಷಕ್ಕೆ ಹನ್ನೆರಡು ಸಾವಿರ ಇರಬಹುದು. ಹಳೆ ಫೋನ್, ಸಿಮ್, ರಿಚಾರ್ಜ್, ಜೆರಾಕ್ಸ್, ಮೀಟಿಂಗಿಗೆ ಚಾ ಮತ್ತು ಗೋಳಿಬಜೆ. ದೊಡ್ಡ ಪಾಲು ಶಾಲೆಗೆ ಹೋಗಿ ಬರುವವರ ಬಸ್ಸು, ರಿಕ್ಷಾ ಬಾಡಿಗೆಗೆ. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಯವರಲ್ಲಿ ಕೇಳಲು ಮನಸ್ಸು ಬರಲಿಲ್ಲ. ಮೊದಲ ವರ್ಷ ನನ್ನ ಜೇಬು, ಈಗ ಕಾಲೇಜು ಕೊಡುತ್ತದೆ.

ಮಾಡುವವರು ಪಟ್ಟಿಯನ್ನು ಯಾರಿಗೂ ಹಂಚಬೇಡಿ. ಹಂಚಿದರೆ ಹೆಡ್‌ಮಾಸ್ಟರರು ನೇರ ಪ್ರೊಫೆಸರರಿಗೇ ಫೋನ್ ಮಾಡುತ್ತಾರೆ, ಅತಿಥಿ ಉಪನ್ಯಾಸಕರಿಗೆ ಯಾರೂ ಮಾಡುವುದಿಲ್ಲ. ಒಂದೇ ನಂಬರ್ ಕೊಡಿ, ಕರೆ ಯಾರಿಗೆ ಹೋಗಬೇಕು ಎಂಬುದನ್ನು ನೀವೇ ನೋಡಿಕೊಳ್ಳಿ. ಪ್ರತಿ ಇಂಟರ್ನ್‌ಶಿಪ್ ಬ್ಯಾಚಿನಿಂದ ಹೊಸ ಪ್ರಶ್ನೆ ಸೇರಿಸಿ, ಒಂದು ವರ್ಷ ಯಾವ ಉತ್ತರವೂ ಬಳಕೆಯಾಗದವರ ಹೆಸರು ತೆಗೆಯಿರಿ. ನನ್ನ ಹೆಸರು ಈ ವರ್ಷ ಎರಡು ವಿಷಯಗಳ ಕೆಳಗಿದೆ. ಹೋದ ವರ್ಷ ಮೂರಿತ್ತು.